ಏಳನೇ ನಂಬರಿನ ಎಡಗಾಲು

ನಮ್ಮೂರಿನಲ್ಲಿ ಯಾವ ಸಾಮಾನನ್ನೂ ಎಂಟು ದಿನಕ್ಕಿಂತ ಹೆಚ್ಚು ಇಟ್ಟಲ್ಲೇ ಇರಲು ಬಿಡಬಾರದು. ಬಿಟ್ಟರೆ ಒಂಬತ್ತನೇ ದಿನ ಅದು ಭಾರವಾಗಲು ಶುರುವಾಗುತ್ತದೆ. ಆಮೇಲೆ ಅದನ್ನು ಎತ್ತುವುದು ಯಾರಪ್ಪನ ಕೈಲೂ ಆಗುವುದಿಲ್ಲ. ಅದು ನಿಜವಾಗಿ ಬೇಕಾದವರು ಬಂದು ಮುಟ್ಟಿದರೆ ಮಾತ್ರ ಹಗುರವಾಗುತ್ತದೆ. ಪೇಟೆ ಬೀದಿಯ ನಟ್ಟನಡುವೆ ಒಂದು ಬೀರು ನಿಂತಿದೆ. ಯಾರೋ ಮನೆ ಬದಲಾಯಿಸುವಾಗ ಆಮೇಲೆ ಒಯ್ದರಾಯಿತು ಎಂದು ಇಳಿಸಿ ಹೋದರಂತೆ, ಇಪ್ಪತ್ತೆರಡು ವರ್ಷವಾಯಿತು. ಬಸ್ಸುಗಳು ಅದನ್ನು ಬಳಸಿಕೊಂಡು ಹೋಗುತ್ತವೆ. ನಮ್ಮತ್ತೆಯ ದೊಡ್ಡ ಇಡ್ಲಿ ಪಾತ್ರೆಯೂ ಹಾಗೇ ಒಮ್ಮೆ ಅಡುಗೆಮನೆಯ ಮೂಲೆಯಲ್ಲಿ ಮರೆತುಹೋಗಿ ಕಚ್ಚಿಕೊಂಡಿತ್ತು. ಗರಡಿಮನೆಯ ನಾಲ್ಕು ಜನ ಬಂದು ಬೆವರು ಸುರಿಸಿ ಹೋದರು. ಕೊನೆಗೆ ನಾದಿನಿಯ ಸೀಮಂತಕ್ಕೆ ನಲವತ್ತು ಜನರಿಗೆ ತಿಂಡಿ ಮಾಡಬೇಕಾಗಿ ಬಂದಾಗ ನಮ್ಮತ್ತೆ ಗೊಣಗುತ್ತಾ ಹೋಗಿ ಒಂದೇ ಕೈಯಲ್ಲಿ ಎತ್ತಿಕೊಂಡು ಬಂದರು. ಬುಧವಾರ ಬಂತೆಂದರೆ ಊರಿನ ಮನೆಮನೆಯಲ್ಲೂ ಡಬ್ಬಿಗಳನ್ನು ಈ ಗೂಡಿನಿಂದ ಆ ಗೂಡಿಗೆ ಬದಲಾಯಿಸುತ್ತೇವೆ. ಹೊರಗಿನವರು ನೋಡಿ ನಗುತ್ತಾರೆ. ನಗಲಿ ಬಿಡಿ, ಅವರ ಮನೆಯ ಮಾಳಿಗೆ ಕುಸಿಯುವುದಿಲ್ಲವಲ್ಲ.

ನಾನು ಚೆಲುವಮ್ಮ. ಊರಿನ ಚಪ್ಪಲಿ ಕಾರ್ಖಾನೆಯಲ್ಲಿ ಎತ್ತಿಡುವವರ ಮೇಸ್ತ್ರಿ. ಹಾಗೆಂದರೆ ಏನೆಂದು ಹೊಸಬರು ಕೇಳುತ್ತಾರೆ. ಕಾರ್ಖಾನೆಯಲ್ಲಿ ಖರ್ಚಾಗದೆ ಬಿದ್ದಿರುವ ಚಪ್ಪಲಿಗಳು ಭಾರವಾಗದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾನೂ ಸೇರಿ ಎಂಟು ಜನ. ಸೋಮವಾರ ಒಂದನೇ ಗೋಡೌನಿನ ಚೀಲಗಳನ್ನು ಎರಡನೆಯದಕ್ಕೆ ಹೊರುತ್ತೇವೆ, ಎರಡನೆಯದರದನ್ನು ಮೂರನೆಯದಕ್ಕೆ, ಹೀಗೆ ಸುತ್ತಿ ಸುತ್ತಿ ಶನಿವಾರ ಸಂಜೆಗೆ ನಾಲ್ಕು ಗೋಡೌನನ್ನೂ ತಿರುವಿ ಮುಗಿಸುತ್ತೇವೆ. ಭಾನುವಾರ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತೇವೆ. ಸೋಮವಾರ ಮತ್ತೆ ಶುರು. ನಮ್ಮಪ್ಪ ಇದೇ ಕೆಲಸ ಮಾಡಿ ಇದೇ ಕೆಲಸದಲ್ಲಿ ಮುದುಕನಾದ. ವರ್ಷಕ್ಕೊಮ್ಮೆ ಕಾರ್ಖಾನೆಯ ದಿನ ಎಲ್ಲರ ಎದುರಿಗೆ ನಮಗೆ ಶಾಲು ಹೊದಿಸುತ್ತಿದ್ದರು. ನಾವು ಎತ್ತಿಡದಿದ್ದರೆ ಕಾರ್ಖಾನೆ ನೆಲದೊಳಗೆ ಇಳಿದುಹೋಗುತ್ತಿತ್ತು ಎಂದು ಅಧ್ಯಕ್ಷರು ಭಾಷಣ ಮಾಡುತ್ತಿದ್ದರು. ಆ ಮಾತು ಕೇಳುವಾಗ ನನಗೆ ಎದೆ ಉಬ್ಬುತ್ತಿತ್ತು, ಸುಳ್ಳೇಕೆ ಹೇಳಲಿ.

ಅಷ್ಟೊಂದು ಚಪ್ಪಲಿ ಯಾಕೆ ಬಿದ್ದಿರುತ್ತಿತ್ತು ಎಂದರೆ, ನಮ್ಮಲ್ಲಿ ಎಡಗಾಲಿನದು ಒಂದು ವಿಭಾಗ, ಬಲಗಾಲಿನದು ಇನ್ನೊಂದು ವಿಭಾಗ. ಮಧ್ಯದಲ್ಲಿ ಗೋಡೆ. ಎಡಗಾಲಿಗೆ ಮರಿಗೌಡರು ಮುಖ್ಯಸ್ಥರು, ಬಲಗಾಲಿಗೆ ಅವರ ಹೆಂಡತಿ ಪುಟ್ಟತಾಯಮ್ಮ. ಯಾವ ವಿಭಾಗ ಹೆಚ್ಚು ಮಾಡುತ್ತದೋ ಆ ವಿಭಾಗಕ್ಕೆ ತಿಂಗಳ ಕೊನೆಗೆ ಒಂದು ಕೆಂಪು ಬಾವುಟ. ಹಾಗಾಗಿ ಗಂಡ ಹೆಂಡತಿ ಬೆಳಿಗ್ಗೆ ಒಂದೇ ಸೈಕಲ್ಲಿನಲ್ಲಿ ಬರುತ್ತಿದ್ದರು, ಗೇಟಿನಲ್ಲಿ ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇವತ್ತು ಯಾವ ನಂಬರು ಮಾಡುತ್ತಿದ್ದೀರಿ ಎಂದು ಗಂಡನನ್ನು ಕೇಳುವುದು ಪುಟ್ಟತಾಯಮ್ಮನಿಗೆ ಮರ್ಯಾದೆ ಪ್ರಶ್ನೆ. ಹೇಳುವುದು ಮರಿಗೌಡರಿಗೆ ಇನ್ನೂ ದೊಡ್ಡ ಪ್ರಶ್ನೆ. ಅವರು ಏಳನೇ ನಂಬರಿನ ಎಡಗಾಲನ್ನು ರಾಶಿ ಹಾಕಿದರೆ ಇವರು ಐದನೇ ನಂಬರಿನ ಬಲಗಾಲನ್ನು ರಾಶಿ ಹಾಕುತ್ತಿದ್ದರು. ಎರಡೂ ರಾಶಿ ಬಂದು ಸೇರುತ್ತಿದ್ದದ್ದು ನಮ್ಮ ತಲೆಯ ಮೇಲೆ.

ಒಂದು ಸಲ ಊರಿನ ಆಸ್ಪತ್ರೆಯವರು ದಾದಿಯರಿಗೆಂದು ಇಪ್ಪತ್ತು ಜೊತೆ ಬಿಳಿ ಚಪ್ಪಲಿ ಕೇಳಿದರು. ಗೋಡೌನಿನಲ್ಲಿ ಹನ್ನೊಂದು ಸಾವಿರ ಚಪ್ಪಲಿ ಇತ್ತು. ಮೂರು ದಿನ ಹುಡುಕಿದೆವು. ಸಿಕ್ಕಿದ್ದು ಏಳು ಜೊತೆ. ದಾದಿಯರು ಪಕ್ಕದೂರಿನಿಂದ ತರಿಸಿಕೊಂಡರು. ಈ ಅವಮಾನ ತಡೆಯಲಾರದೆ ನಮ್ಮ ಆಡಳಿತ ಸಮಿತಿಯವರು ಹೊರಗಿನಿಂದ ಒಬ್ಬ ಹೊಸ ಮ್ಯಾನೇಜರನ್ನು ಕರೆಸಿದರು. ಹೆಸರು ಇಂದುಧರ. ತೆಳ್ಳಗಿನ ಮನುಷ್ಯ, ಮೂವತ್ತೈದರ ಆಚೆ ಈಚೆ. ಬಂದ ಮೊದಲ ದಿನ ಎಲ್ಲರಿಗೂ ನಮಸ್ಕಾರ ಮಾಡಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೌನಿನ ಬಾಗಿಲಲ್ಲಿ ಒಂದು ಸುತ್ತು ಬರೆದುಕೊಂಡು ಅದರೊಳಗೆ ನಿಂತರು. ಮಧ್ಯಾಹ್ನದ ತನಕ ನಿಂತೇ ಇದ್ದರು. ಕೂತು ಸಹಿ ಹಾಕುವ ಮ್ಯಾನೇಜರುಗಳನ್ನು ನೋಡಿದ್ದೆವು, ನಿಂತು ನೋಡುವವರನ್ನು ನೋಡಿರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಜವರಯ್ಯ ನನ್ನ ಕಿವಿಯಲ್ಲಿ, "ಪಾಪ, ಕುರ್ಚಿ ಯಾರೂ ಕೊಟ್ಟಿಲ್ವೇನೋ ಕಣಕ್ಕ," ಎಂದ. ನಾನು ಒಂದು ಸ್ಟೂಲು ತೆಗೆದುಕೊಂಡು ಹೋಗಿ ಇಟ್ಟೆ. ಅವರು ಕೂರಲಿಲ್ಲ. ನನ್ನ ಕೈಯಲ್ಲಿದ್ದ ಚೀಲದಿಂದ ಒಂದು ಎಡಗಾಲಿನ ಚಪ್ಪಲಿ ತೆಗೆದು ತಿರುಗಿಸಿ ನೋಡಿದರು.

"ಚೆಲುವಮ್ಮನವರೇ, ಇದನ್ನ ಇಲ್ಲೀತನಕ ಎಷ್ಟು ಸಲ ಎತ್ತಿಟ್ಟಿರಬಹುದು?"

"ವಾರಕ್ಕೊಂದು ಸಲ ಸಾರ್. ಮೂರು ವರ್ಷದ ಮಾಲು. ನೀವೇ ಲೆಕ್ಕ ಹಾಕ್ಕೊಳಿ."

"ಯಾಕೆ ಎತ್ತಿಡ್ತೀರಿ?"

ನನಗೆ ನಗು ಬಂತು. "ಎತ್ತಿಡದಿದ್ರೆ ಭಾರ ಆಗ್ತದಲ್ಲ ಸಾರ್."

"ಯಾಕೆ ಭಾರ ಆಗುತ್ತೆ?"

"ಬಿದ್ದಲ್ಲೇ ಬಿದ್ದಿರ್ತದೆ, ಅದ್ಕೆ."

"ಯಾಕೆ ಬಿದ್ದಿರುತ್ತೆ?"

"ಯಾರೂ ತಗೊಳಲ್ಲ."

"ಯಾಕೆ ತಗೊಳಲ್ಲ?"

"ಒಂಟಿ ಕಾಲಿಂದನ್ನ ಯಾರು ತಗೊಳ್ತಾರೆ ಸಾರ್? ಇದರ ಬಲಗಾಲೇ ಇಲ್ಲ."

"ಯಾಕಿಲ್ಲ?"

"ಅದನ್ನ ಗೋಡೆ ಆ ಕಡೆ ಹೋಗಿ ಪುಟ್ಟತಾಯಮ್ಮನ್ನ ಕೇಳಿ," ಎಂದೆ, ಸ್ವಲ್ಪ ರೇಗಿಯೇ. ಐದು ಸಲ ಯಾಕೆ ಯಾಕೆ ಎಂದರೆ ಯಾರಿಗೆ ತಾನೇ ರೇಗುವುದಿಲ್ಲ? ಆದರೆ ಅವರು ತಲೆಯಾಡಿಸಿ, ದೊಡ್ಡ ಬಹುಮಾನ ಸಿಕ್ಕಿದವರ ಹಾಗೆ ಮುಖ ಅರಳಿಸಿದರು. ಆಮೇಲೆ ನನ್ನ ಕಾಲು ನೋಡಿದರು. "ನಿಮಗೇ ಚಪ್ಪಲಿ ಇಲ್ವಲ್ಲ?"

"ಗೋಡೌನಿಂದ ಗೋಡೌನಿಗೆ ಹೋಗೋಳಿಗೆ ಚಪ್ಪಲಿ ಯಾಕೆ ಸಾರ್? ಮನೆ ಇಲ್ಲೇ ಗೇಟಿನ ಎದುರಿಗೆ."

ಅದು ನಿಜ. ಮೂವತ್ತು ವರ್ಷ ಚಪ್ಪಲಿ ಹೊತ್ತಿದ್ದೇನೆ, ನನ್ನದೆಂದು ಒಂದು ಜೊತೆ ಮೆಟ್ಟಿದ್ದಿಲ್ಲ. ಮದುವೆ ಮುಂಜಿಗೆ ಹೋಗಬೇಕಾದರೆ ನಾದಿನಿಯದನ್ನು ಕೇಳಿ ಹಾಕಿಕೊಳ್ಳುತ್ತಿದ್ದೆ. ಇಂದುಧರ ಹೊರಡುವ ಮುಂಚೆ ನನ್ನ ಮುಖ ನೋಡಿಕೊಂಡು ನೇರವಾಗಿ ಹೇಳಿದರು. "ಈ ಎತ್ತಿಡೋ ಕೆಲಸ ಇನ್ನು ನಾಲ್ಕು ತಿಂಗಳಲ್ಲಿ ಇರಲ್ಲ ಚೆಲುವಮ್ಮ. ಕೆಲಸ ಇರಲ್ಲ, ನೀವು ಇರ್ತೀರಿ. ಒಬ್ಬರನ್ನೂ ಕಳಿಸಲ್ಲ."

ಕೆಲಸ ಇರಲ್ಲ ಎಂದದ್ದು ಕಿವಿಗೆ ಬಿತ್ತು, ಆಮೇಲಿನ ಮಾತು ಬೀಳಲಿಲ್ಲ. ಬಿದ್ದರೂ ನಂಬಲಿಲ್ಲ. ಎತ್ತಿಡುವುದಿಲ್ಲ ಎಂದ ಮೇಲೆ ಎತ್ತಿಡುವವರನ್ನು ಇಟ್ಟುಕೊಂಡು ಇವರು ಏನು ಪೂಜೆ ಮಾಡುತ್ತಾರೆಯೇ? ಆ ದಿನ ನನಗೆ ಅನ್ನ ಸೇರಲಿಲ್ಲ. ಜವರಯ್ಯನಿಗೆ ಇನ್ನೆರಡು ವರ್ಷ ಸರ್ವೀಸು ಬಾಕಿ. ಉಳಿದ ಆರು ಜನಕ್ಕೂ ಹೊರುವುದು ಬಿಟ್ಟರೆ ಬೇರೆ ವಿದ್ಯೆ ಬಾರದು. ನನಗೆ ಬರುತ್ತದೆಯೇ?

ವಾರದೊಳಗೆ ಗೋಡೆ ಒಡೆದರು. ಕೆಂಪು ಬಾವುಟವನ್ನು ಮಡಚಿ ಕಪಾಟಿನಲ್ಲಿ ಇಟ್ಟರು, ಬುಧವಾರ ಬುಧವಾರ ಅದನ್ನೂ ಜಾಗ ಬದಲಾಯಿಸುವುದು ನಮ್ಮ ಪಾಲಿಗೇ ಬಂತು. ಗೋಡೆ ಹೋಗಿ ಒಂದಾದ ದೊಡ್ಡ ಹಾಲಿನ ಮಧ್ಯೆ ಒಂದು ಉದ್ದನೆಯ ಮೇಜು ಹಾಕಿ ಒಂದು ಕಡೆ ಎಡಗಾಲಿನವರು, ಎದುರಿಗೆ ಬಲಗಾಲಿನವರು ಕೂರಬೇಕು ಎಂದರು. ಮೇಜಿನ ಕೊನೆಯಲ್ಲಿ ಮಾರಾಟದ ಕಿಟಕಿ. ಅಲ್ಲಿ ಒಂದೊಂದು ನಂಬರಿಗೂ ಒಂದೊಂದು ತಟ್ಟೆ, ತಟ್ಟೆಯಲ್ಲಿ ಮೂರೇ ಜೊತೆ. ಒಂದು ಜೊತೆ ಖರ್ಚಾದರೆ ಅದರ ಚೀಟಿ ಮೇಜಿಗೆ ವಾಪಸು ಬರುತ್ತದೆ. ಚೀಟಿ ಬಂದರೆ ಆ ನಂಬರಿನ ಒಂದು ಜೊತೆ ಮಾಡಬೇಕು. ಬರದಿದ್ದರೆ ಕೈ ಕಟ್ಟಿ ಕೂರಬೇಕು. ಮೇಜಿನ ಮೇಲೆ ಉದ್ದಕ್ಕೂ ಒಂದು ಹಗ್ಗ, ಹಗ್ಗದ ತುದಿಗೆ ಗಂಟೆ. ಯಾರ ಕಣ್ಣಿಗೆ ಏನು ತಪ್ಪು ಕಂಡರೂ ಹಗ್ಗ ಎಳೆಯಬಹುದು, ಗುಡಿಸುವವರು ಎಳೆದರೂ ಎಲ್ಲರೂ ಕೆಲಸ ನಿಲ್ಲಿಸಬೇಕು. ಗಂಟೆ ಹೊಡೆದರೆ ಯಾರು ತಪ್ಪು ಮಾಡಿದ್ದು ಎಂದು ಕೇಳುವ ಹಾಗಿಲ್ಲ, ಯಾಕೆ ಆಯಿತು ಎಂದು ಕೇಳಬೇಕು. ಇದು ಅವರ ಕಟ್ಟುನಿಟ್ಟು.

ಮರಿಗೌಡರ ಕಷ್ಟ ನೋಡಬೇಕಿತ್ತು. ಹಳೆಯ ಎಡಗಾಲುಗಳೇ ಬೇಕಾದಷ್ಟು ಇದ್ದುದರಿಂದ ಮೊದಲು ಅವಕ್ಕೆ ಬಲಗಾಲು ಕೂಡಿಸಬೇಕು, ಹಾಗಾಗಿ ಎಡಗಾಲಿನವರೂ ಸ್ವಲ್ಪ ದಿನ ಬಲಗಾಲನ್ನೇ ಮಾಡಲಿ ಎಂದರು ಇಂದುಧರ. ಅಂದರೆ ಹೆಂಡತಿಯ ಕೈಕೆಳಗೆ. ಮರಿಗೌಡರು ಎರಡು ದಿನ ಉಪ್ಪಿಟ್ಟನ್ನೂ ಮುಟ್ಟಲಿಲ್ಲ. ಮೂರನೇ ದಿನ ಚೀಟಿ ಬರದೆ ಅರ್ಧ ಗಂಟೆ ಸುಮ್ಮನೆ ಕೂರಬೇಕಾದಾಗ, "ಸಾರ್, ಕೈ ಕಡೀತಾ ಅದೆ. ಒಂದ್ ಹತ್ತು ಮಾಡಿ ಇಟ್ಕೊಂಡಿರ್ತೀನಿ," ಎಂದು ಅಂಗಲಾಚಿದರು. ಎದುರಿನಿಂದ ಪುಟ್ಟತಾಯಮ್ಮ, "ಸುಮ್ನೆ ಕೂತ್ಕೊಳ್ರೀ. ಮನೇಲಿ ಹೇಳಿದ್ರೆ ಒಂದ್ ಲೋಟ ಎತ್ತಿಡಲ್ಲ, ಇಲ್ಲಿ ನೋಡಿದ್ರೆ ಕೈ ಕಡೀತದಂತೆ," ಎಂದಳು. ಇಡೀ ಹಾಲು ನಕ್ಕಿತು. ಮರಿಗೌಡರೂ ನಕ್ಕರು. ಇಪ್ಪತ್ತು ವರ್ಷದಲ್ಲಿ ಆ ಇಬ್ಬರೂ ಕಾರ್ಖಾನೆಯೊಳಗೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಮಾತು ನಿಲ್ಲಿಸುವುದೇ ಕಷ್ಟವಾಯಿತು ಅನ್ನಿ.

ಜೊತೆ ಕೂಡಿದ ಚಪ್ಪಲಿಗಳು ಕಿಟಕಿಯಿಂದ ಹೊರಟವು. ದಾದಿಯರೂ ಬಂದು ತೆಗೆದುಕೊಂಡು ಹೋದರು. ನಾಲ್ಕು ಗೋಡೌನು ಮೂರಾಯಿತು, ಮೂರು ಎರಡಾಯಿತು. ಊರೆಲ್ಲ ಖುಷಿಪಟ್ಟಿತು. ನಾವು ಎಂಟು ಜನ ಮಾತ್ರ ಶನಿವಾರದ ಕೆಲಸವನ್ನು ಗುರುವಾರವೇ ಮುಗಿಸಿ ಖಾಲಿ ಗೋಡೌನಿನ ಬಾಗಿಲಲ್ಲಿ ಕೂರುವಂತಾಯಿತು. ಎದುರಿಗೆ ಯಾರಾದರೂ ಹಾದುಹೋದರೆ ಎದ್ದು ನಿಂತು ಸುಮ್ಮನೆ ಚೀಲ ಕೊಡವುತ್ತಿದ್ದೆವು. ಕೆಲಸ ಇಲ್ಲದವರ ನಾಚಿಕೆ ಬೇರೆಯವರಿಗೆ ಗೊತ್ತಾಗುವುದಿಲ್ಲ.

ಆಗ ನನ್ನ ತಲೆಗೆ ಒಂದು ಕೆಟ್ಟ ಬುದ್ಧಿ ಬಂತು. ಏಳನೇ ನಂಬರಿನ ಮೂವತ್ತೊಂದು ಎಡಗಾಲು ಇದ್ದ ಒಂದು ಚೀಲವನ್ನು ಯಾರಿಗೂ ಕಾಣದ ಹಾಗೆ ಹಾಲಿನ ಮೆಟ್ಟಿಲ ಕೆಳಗೆ ನೂಕಿ, ಮುಂದೆ ಪೊರಕೆ ಒರಗಿಸಿಟ್ಟೆ. ಭಾರವಾಗಲಿ. ಒಂದು ಸಲ ನೆಲ ಕುಸಿಯಲಿ. ಎತ್ತಿಡುವವರು ಯಾಕೆ ಬೇಕು ಎಂದು ಈ ಸುಣ್ಣದ ಸುತ್ತಿನ ಮನುಷ್ಯನಿಗೆ ಗೊತ್ತಾಗಲಿ. ನಮ್ಮಪ್ಪ ಇದ್ದಿದ್ದರೆ ನನ್ನ ಕಪಾಳಕ್ಕೆ ಎರಡು ಬಿಡುತ್ತಿದ್ದ. ಎತ್ತಿಡುವವಳೇ ಬೇಕೆಂದು ಬಿಟ್ಟಿಡುವುದೆಂದರೇನು? ದಿನಾ ಬೆಳಿಗ್ಗೆ ಬಂದು ಪೊರಕೆ ಸರಿಸಿ ನೋಡುತ್ತಿದ್ದೆ. ಇವತ್ತು ತೆಗೆದುಬಿಡೋಣ ಅನ್ನಿಸುತ್ತಿತ್ತು. ಜವರಯ್ಯನ ಮುಖ ನೋಡಿದರೆ ಬೇಡ ಅನ್ನಿಸುತ್ತಿತ್ತು.

ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಮೆಟ್ಟಿಲ ಕೆಳಗಿನಿಂದ ಚಿಟ್ ಎಂದು ಸದ್ದಾಯಿತು. ನೋಡಿದರೆ ಸಿಮೆಂಟು ನೆಲದಲ್ಲಿ ಒಂದು ಗೆರೆ. ಗೆರೆ ಮೆಟ್ಟಿಲಿನ ಕಡೆ ಹೋಗಲಿಲ್ಲ, ಮೇಜಿನ ಕಡೆ ಹೊರಟಿತು. ಮೇಜಿನ ಆ ತುದಿಯಲ್ಲಿ ಪುಟ್ಟತಾಯಮ್ಮ ತಲೆ ಬಗ್ಗಿಸಿ ಅಂಟು ಹಚ್ಚುತ್ತಿದ್ದಳು, ಅವಳ ಎದುರಿಗೆ ಗಂಡ ಅಟ್ಟೆ ಕತ್ತರಿಸುತ್ತಿದ್ದರು, ಕೈಯಲ್ಲಿ ಹರಿತವಾದ ಚೂರಿ. ಮೇಜಿನ ಒಂದು ಕಾಲು ಕೆಳಗಿಳಿಯತೊಡಗಿತ್ತು. ಸುಮ್ಮನಿದ್ದರೆ ನಾನು ಬಯಸಿದ್ದೇ ಆಗುತ್ತಿತ್ತು. ಓಡಿ ಹೋಗಿ ಹಗ್ಗಕ್ಕೆ ಜೋತುಬಿದ್ದೆ. ಗಂಟೆ ಹೊಡೆಯಿತು. ಎಲ್ಲರೂ ಕೈ ಬಿಟ್ಟು ಎದ್ದು ಹಿಂದೆ ಸರಿದರು. ಅಷ್ಟರಲ್ಲಿ ಮೇಜು ಒಂದು ಕಡೆಗೆ ವಾಲಿ, ಅಂಟಿನ ಡಬ್ಬ, ಚೂರಿ ಎಲ್ಲ ಜಾರಿ ಪುಟ್ಟತಾಯಮ್ಮ ಕೂತಿದ್ದ ಸ್ಟೂಲಿನ ಮೇಲೆ ಬಿದ್ದವು.

ಇಂದುಧರ ಬಂದರು. ಮೇಜು ನೋಡಿದರು, ಬಿರುಕಿನ ಜಾಡು ಹಿಡಿದು ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದರು. ಯಾರು ಎಂದು ಕೇಳಲಿಲ್ಲ. ಅವರು ಕೇಳದೇ ಇದ್ದದ್ದೇ ನನಗೆ ತಡೆಯಲಾಗಲಿಲ್ಲ.

"ನಾನೇ ಸಾರ್ ಇಟ್ಟಿದ್ದು," ಎಂದೆ.

"ಯಾಕೆ ಇಟ್ರಿ?"

"ಭಾರ ಆಗ್ಲಿ ಅಂತ."

"ಯಾಕೆ ಭಾರ ಆಗ್ಬೇಕಿತ್ತು?"

"ನಾವು ಬೇಕು ಅಂತ ನಿಮ್ಗೆ ಗೊತ್ತಾಗ್ಬೇಕಿತ್ತು."

"ಯಾಕೆ? ಒಬ್ಬರನ್ನೂ ಕಳಿಸಲ್ಲ, ನೀವು ಇರ್ತೀರಿ ಅಂತ ಮೊದಲ ದಿನವೇ ಹೇಳಿದ್ನಲ್ಲ."

"ಇರ್ತೀರಿ ಅಂದ್ರಿ ಸಾರ್. ಏನ್ ಮಾಡ್ಕೊಂಡು ಇರ್ತೀರಿ ಅಂತ ಹೇಳ್ಲಿಲ್ಲ. ಎಂಟು ಜನ ಬಾಗಿಲಲ್ಲಿ ಚೀಲ ಕೊಡವ್ಕೊಂಡು ಕೂತಿದೀವಿ. ಬಿದ್ದಲ್ಲೇ ಬಿದ್ದಿದ್ರೆ ಚಪ್ಪಲಿ ಮಾತ್ರ ಭಾರ ಆಗ್ತದೆ ಅಂದ್ಕೊಂಡ್ರಾ?"

ಇಂದುಧರ ನಾಲ್ಕನೇ ಯಾಕೆ ಕೇಳಲಿಲ್ಲ. ಗೋಡೆಯ ಮೇಲೆ ತಪ್ಪುಗಳನ್ನು ಬರೆಯುವ ಕಪ್ಪು ಹಲಗೆ ಇತ್ತು. ಅಂಟು ತೆಳ್ಳಗಾಯಿತು, ಹೆಬ್ಬೆರಳು ಹಿಡಿಯುವ ಉಂಗುಷ್ಟ ಸಡಿಲವಾಯಿತು ಎಂದೆಲ್ಲ ಅಲ್ಲಿ ಬರೆದಿರುತ್ತಿದ್ದರು. ಅವರು ಹೋಗಿ ಅದರ ಕೆಳಗೆ ಬರೆದರು: ಎಂಟು ಜನರನ್ನು ಬಾಗಿಲಲ್ಲಿ ಕೂರಿಸಿದ್ದು, ಇಂದುಧರ. ಬರೆದು ಕೈಯ ಸುಣ್ಣ ಒರೆಸಿಕೊಂಡು, "ಇದು ನನ್ನದೇ ತಪ್ಪು. ಈಗ ಎಲ್ಲರೂ ಸೇರಿ ಈ ಚೀಲಕ್ಕೆ ಏನು ಮಾಡೋದು ಹೇಳಿ," ಎಂದರು.

ಮಾಡುವುದೇನು, ಊರಿಗೆಲ್ಲ ಗೊತ್ತಿರುವ ದಾರಿ ಒಂದೇ. ಏಳನೇ ನಂಬರಿನ ಚಪ್ಪಲಿ ನಿಜವಾಗಿ ಬೇಕಾದ ಮೂವತ್ತೊಂದು ಜನ ಬಂದು ಒಂದೊಂದಾಗಿ ಎತ್ತಬೇಕು. ಅಷ್ಟು ಜನರನ್ನು ಹುಡುಕುವವರು ಯಾರು? ಚೀಲ ಇಟ್ಟವಳು ನಾನು, ನಾನೇ ಹೊರಟೆ. ನನ್ನ ಹಿಂದೆ ಏಳು ಜನವೂ ಹೊರಟರು. ಬೀದಿಗಳನ್ನು ಹಂಚಿಕೊಂಡೆವು. ಮನೆಮನೆಗೆ ಹೋಗಿ, "ನಿಮ್ಮಲ್ಲಿ ಯಾರ ಕಾಲು ಎಷ್ಟು, ಈಗಿರೋ ಚಪ್ಪಲಿ ಹೆಂಗೈತೆ," ಎಂದು ಕೇಳಿ ಚೀಟಿಯಲ್ಲಿ ಬರೆದೆವು. ಮೂವತ್ತು ವರ್ಷ ಚಪ್ಪಲಿ ಹೊತ್ತವರಿಗೆ ಒಂದು ಹೆಜ್ಜೆ ನೋಡಿದರೆ ನಂಬರು ಗೊತ್ತಾಗುತ್ತದೆ, ಇದು ನಮಗೇ ಅಲ್ಲಿಯವರೆಗೆ ತಿಳಿದಿರಲಿಲ್ಲ. ಜನರೂ ಬಾಯಿ ತುಂಬ ಮಾತಾಡಿದರು. ಅಂಚೆಯವನಿಗೆ ಹಿಮ್ಮಡಿ ದಪ್ಪ ಇರಬೇಕಂತೆ. ಮೀನು ಮಾರುವ ಹೆಂಗಸರಿಗೆ ಜಾರದ ಅಟ್ಟೆ ಬೇಕಂತೆ. ಮೇಷ್ಟರ ಎಡಗಾಲು ಏಳು, ಬಲಗಾಲು ಆರಂತೆ, ಇಷ್ಟು ವರ್ಷ ಬಲಗಾಲಿಗೆ ಕಾಗದ ತುರುಕಿಕೊಂಡು ಓಡಾಡಿದ್ದಾರೆ ಪುಣ್ಯಾತ್ಮ. ಇದನ್ನೆಲ್ಲ ಕಾರ್ಖಾನೆಯವರು ಯಾರಾದರೂ ಒಂದು ದಿನವಾದರೂ ಕೇಳಿದ್ದರೆ? ಚೀಟಿಗಳನ್ನು ತಂದು ಮೇಜಿನ ಮೇಲೆ ಹರಡಿದಾಗ ಮರಿಗೌಡರು ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಅಲ್ಲ ಕಣೆ, ನಾವು ಯಾರ ಕಾಲಿಗೆ ಮಾಡ್ತಿದ್ವಿ ಇಷ್ಟು ದಿನ?" ಎಂದು ಹೆಂಡತಿಯನ್ನು ಕೇಳಿದರು.

ಏಳನೇ ನಂಬರಿನವರು ಒಬ್ಬೊಬ್ಬರಾಗಿ ಬಂದರು. ನಾವು ಚೀಲವನ್ನು ಕತ್ತರಿಸಿ ಬಿಡಿಸಿದ್ದೆವು. ಅವರು ಕೈ ಹಾಕಿದರೆ ಚಪ್ಪಲಿ ಹೂವಿನ ಹಾಗೆ ಬಂತು. ಪುಟ್ಟತಾಯಮ್ಮ ಅಳತೆಗೆ ತಕ್ಕ ಬಲಗಾಲು ಮಾಡಿ ಕೊಟ್ಟಳು. ಎರಡು ವಾರದಲ್ಲಿ ಮೂವತ್ತು ಹೋದವು. ನೆಲ ಇಳಿಯುವುದು ನಿಂತಿತು. ಒಂದು ಉಳಿಯಿತು. ಊರಲ್ಲಿ ಇನ್ನೊಂದು ಏಳನೇ ನಂಬರಿನ ಕಾಲು ಎಷ್ಟು ಹುಡುಕಿದರೂ ಸಿಗಲಿಲ್ಲ.

ಆ ಶನಿವಾರ ಮಧ್ಯಾಹ್ನ ನಾನು ಬಿಸಿಲಲ್ಲಿ ಮೂರು ಬೀದಿ ಸುತ್ತಿ ಬಂದು ಮೆಟ್ಟಿಲ ಮೇಲೆ ಕೂತು ಅಂಗಾಲಿನ ಮುಳ್ಳು ಕೀಳುತ್ತಿದ್ದೆ. ಟಾರು ರಸ್ತೆಗೆ ಅಂಗಾಲು ಎರಡೂ ಬೊಕ್ಕೆ ಎದ್ದಿದ್ದವು. ಪುಟ್ಟತಾಯಮ್ಮ ಪಕ್ಕಕ್ಕೆ ಬಂದು ನಿಂತಳು. "ಊರೋರ ಕಾಲೆಲ್ಲ ಅಳತೆ ಮಾಡ್ಕಂಡು ಬಂದೆಯಲ್ಲ ಚೆಲ್ವಿ, ನಿಂದು ಎಷ್ಟು?"

ನಾನು ತಲೆ ಬಗ್ಗಿಸಿ ಮುಳ್ಳು ಕೀಳುತ್ತಲೇ ಇದ್ದೆ. ನನಗೆ ಗೊತ್ತಿತ್ತು, ಮೊದಲ ದಿನದಿಂದಲೂ ಗೊತ್ತಿತ್ತು. ಭಯವಾಗುತ್ತಿತ್ತು. ಮನೆಮನೆ ಸುತ್ತುವ ಈ ಕೆಲಸ ನಿಜವಾದ ಕೆಲಸವೋ, ಪಾಪ ಮುದುಕಿ ಎಲ್ಲಿಗೆ ಹೋಗುತ್ತಾಳೆ ಎಂದು ಕೊಟ್ಟ ಕೆಲಸವೋ? ಬಾಯಲ್ಲಿ ಯಾರು ಏನು ಹೇಳಿದರೂ ನಂಬಬಹುದು, ಬಿಡಬಹುದು. ಆ ಚಪ್ಪಲಿ ಮಾತ್ರ ಸುಳ್ಳು ಹೇಳುವುದಿಲ್ಲ. ನಾನು ಕಾಲಿಟ್ಟು ಅದು ಏಳದೇ ಹೋದರೆ?

"ಇಡು ಕಾಲು," ಎಂದಳು ಪುಟ್ಟತಾಯಮ್ಮ. ಮರಿಗೌಡರು ಚೂರಿ ಕೆಳಗಿಟ್ಟು ನೋಡುತ್ತಿದ್ದರು. ಜವರಯ್ಯ ಚೀಟಿ ಬರೆಯುವುದು ನಿಲ್ಲಿಸಿ ಎದ್ದು ನಿಂತ. ಇಂದುಧರ ಬಾಗಿಲಲ್ಲಿ ಬಂದು ನಿಂತವರು ಒಳಗೆ ಬರಲಿಲ್ಲ. ನಾನು ಸೀರೆ ಸ್ವಲ್ಪ ಮೇಲೆತ್ತಿ, ನೆಲಕ್ಕೆ ಕಚ್ಚಿಕೊಂಡಿದ್ದ ಆ ಎಡಗಾಲಿನ ಚಪ್ಪಲಿಯೊಳಗೆ ಕಾಲು ತೂರಿಸಿದೆ. ಉಂಗುಷ್ಟ ಸರಿಯಾಗಿ ಹಿಡಿಯಿತು. ಸೋಮವಾರ ಬೆಳಿಗ್ಗೆ ಹೋಗಬೇಕಾಗಿದ್ದ ಕೆರೆ ಬೀದಿಯ ಹದಿನಾಲ್ಕು ಮನೆಗಳು ನೆನಪಾದವು. ಹೆಜ್ಜೆ ಎತ್ತಿದೆ.

ಬಂತು.

"ಬಲಗಾಲಿಂದು ಸೋಮವಾರ ಬೆಳಿಗ್ಗೆಗೆ ಕೊಡ್ತೀಯಾ?" ಎಂದು ಕೇಳಿದೆ. ಕಣ್ಣು ಒರೆಸಿಕೊಳ್ಳಲೂ ಮರೆತಿದ್ದೆ.

"ಮೊದಲು ಚೀಟಿ ಬರೆಸು," ಎಂದಳು ಪುಟ್ಟತಾಯಮ್ಮ.